ನಡಾವಳಿ

ಸಭೆ ಹನ್ನೊಂದಕ್ಕೆ ಎಂದಿತ್ತು, ಶುರುವಾದದ್ದು ಹನ್ನೆರಡೂಕಾಲಿಗೆ.
ನಾನು ಬರೆದುಕೊಂಡೆ: ಹನ್ನೊಂದು.
ಮೂರನೇ ಮಹಡಿ, ಕಿರುಗುಟ್ಟುವ ಫ್ಯಾನು, ಗೋಡೆ ತುಂಬ ನಕ್ಷೆ.
ನಡುವೆ ಬೆಂಗಳೂರು,
ಕಾವಲಿಗೆ ಹೊಯ್ದ ನೀರುದೋಸೆಯಂತೆ ಅಂಚು ಸಿಕ್ಕದೆ ಹರಡಿ;
ಸುತ್ತ ರಾಮನಗರ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ,
ಒಂದೊಂದಕ್ಕೆ ಒಂದೊಂದು ಬಣ್ಣ.
ಜಿಲ್ಲೆಗೊಂದು ಕುರ್ಚಿ, ಕುರ್ಚಿಗೊಂದು ನೀರಿನ ಬಾಟಲಿ.

ವಿಷಯ ಒಂದು: ದಿನಕ್ಕೆ ಇಷ್ಟು ಸಾವಿರ ಟನ್ನು.
ವಿಷಯ ಎರಡು: ಅದನ್ನು ಯಾರ ಮಡಿಲಿಗೆ ಸುರಿಯುವುದು.
ಹಾಗೆ ಬರೆಯುವಂತಿಲ್ಲ.
'ಪ್ರಾದೇಶಿಕ ಸಮಗ್ರ ಯೋಜನೆ' ಎಂದು ಬರೆದೆ.
ತುಮಕೂರಿನವರು, ನಮ್ಮ ಕಸವೇ ನಮಗೆ ಹೆಚ್ಚಾಗಿದೆ ಸ್ವಾಮಿ, ಅಂದರು.
ಕೋಲಾರದವರು, ನಿಮ್ಮ ಬಚ್ಚಲ ನೀರು ಕೆರೆಗೆ ಬಿಟ್ಟುಕೊಂಡಿದ್ದೇವೆ, ಇದೊಂದು ಬೇಡ, ಅಂದರು.
ರಾಮನಗರದವರು ಫೋನಿನಲ್ಲಿದ್ದರು.
ಎಂಜಿನಿಯರು ಲೇಸರಿನ ಕೆಂಪು ಚುಕ್ಕೆ ಓಡಿಸಿದರು.
ಬೆಕ್ಕಿನ ಮರಿಗಳ ಹಾಗೆ ಎಲ್ಲರ ಕಣ್ಣೂ ಅದರ ಹಿಂದೆ,
ಗಡಿ ದಾಟಿ, ಇನ್ನೊಂದು ಗಡಿ ದಾಟಿ,
ಹಳೇ ಕಲ್ಲುಕ್ವಾರಿಯೊಂದರ ಮೇಲೆ ಬಂದು ನಿಂತಿತು.
"ಖಾಲಿ ಜಾಗ" ಅಂದರು.

ಆಗ ಎದ್ದರು ಮುನಿಹನುಮಕ್ಕ,
ಕೆಂಬರೆಹಳ್ಳಿ ಪಂಚಾಯಿತಿ ಅಧ್ಯಕ್ಷೆ,
ಆ ಖಾಲಿ ಜಾಗದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವರು.
ಭಾಷಣವಿಲ್ಲ. ಚೀಲ ಬಿಚ್ಚಿದರು.
ಒರೆಸಿ, ಒಣಗಿಸಿದ ಕಾಗದಗಳು, ಹೆಸರು ಅಳಿಯದವು ಮಾತ್ರ.
ಹಾಜರಿ ಕರೆಯುವ ಮೇಷ್ಟರಂತೆ ಓದತೊಡಗಿದರು:
ಕಾಂತರಾಜ ಅರಸ್, ವಿಜಯನಗರ, ಕರೆಂಟು ಬಿಲ್ಲು.
ಫಿಲೋಮಿನಾ, ಲಿಂಗರಾಜಪುರ, ಚೀಟಿ ಕಟ್ಟಿದ ರಸೀತಿ.
ಚಿ. ಸೌ. ಹೇಮಲತಾ, ಬಸವೇಶ್ವರನಗರ, ಲಗ್ನಪತ್ರಿಕೆ;
ಗಂಡಿನ ಹೆಸರು ನೆಂದುಹೋಗಿದೆ.
"ಕರೆಯೋಲೆ ಕೈಗೆ ಸಿಗೋ ಹೊತ್ಗೆ ಮದುವೆ ಆಗೋಗಿತ್ತು.
ಎಂಜಲೆಲೆನೂ ಅದೇ ಲಾರೀಲಿ ಬಂದಿತ್ತು."
ಸಭೆ ನಕ್ಕಿತು.
ನಡಾವಳಿಯಲ್ಲಿ ನಗುವಿಗೆ ಕಲಮು ಇಲ್ಲ.

ಆಮೇಲೆ ಒಂದು ಸಣ್ಣ ಕಂದು ಕವರು ಎತ್ತಿದರು.
"ಸಾವಂತ್ರಮ್ಮ, ಎಂಬತ್ತೊಂದು, ಮೂಡಲಪಾಳ್ಯ.
ರಾತ್ರಿ ಊಟ ಆದ್ಮೇಲೆ ಅರ್ಧ ಮಾತ್ರೆ.
ವಾರಕ್ಕೊಂದು ಬರ್ತಿತ್ತು ಇವರದು, ಮಳೆಗಾಲ ಪೂರ್ತಿ.
ದೀಪಾವಳಿ ಆದ್ಮೇಲೆ ಬರಲೇ ಇಲ್ಲ.
ಹುಷಾರಾದ್ರಾ?"

ನನ್ನ ಅತ್ತೆ.

ಬರೆದುಕೊಳ್ಳುವವಳಿಗೆ ಸಭೆಯಲ್ಲಿ ಬಾಯಿಲ್ಲ.
ಹನ್ನೊಂದನೇ ದಿನ, ತಿಥಿಯೂಟದ ಎಲೆಗಳ ಜೊತೆಗೇ
ಉಳಿದ ಮಾತ್ರೆ, ಸಿರಪ್ಪು, ಡಯಾಪರು, ಅವರ ಹಣಿಗೆ
ಎಲ್ಲ ಒಂದೇ ಕಪ್ಪು ಕವರಿಗೆ ತುರುಕಿ ಗಂಟು ಹಾಕಿದ್ದೆ.
ಹಸಿ ಬೇರೆ ಒಣ ಬೇರೆ ಎಂಬ ಸುತ್ತೋಲೆ
ಟೈಪು ಮಾಡಿದ್ದೂ ಇದೇ ಕೈ.

ಅಧ್ಯಕ್ಷತೆ ವಹಿಸಿದ್ದವರು ಗಡಿಯಾರ ನೋಡಿದರು.
ಊಟ ಬಂತು, ಡಬ್ಬಿಯಲ್ಲಿ ಪುಳಿಯೋಗರೆ, ಮೊಸರಿಗೊಂದು ಮುಚ್ಚಳ,
ಚಮಚಕ್ಕೂ ಒಂದು ಹೊದಿಕೆ.
ಮುನಿಹನುಮಕ್ಕ ಉಣ್ಣಲಿಲ್ಲ.
"ಇವೂ ಗುರುವಾರದ ಹೊತ್ಗೆ ಬರ್ತವೆ ಬಿಡಿ" ಅಂದರು.
ಎಲ್ಲರೂ ಕೈ ತೊಳೆಯಲು ಹೋದಾಗ
ಮೇಜಿನ ಮೇಲಿದ್ದ ಕವರನ್ನು ಪರ್ಸಿಗೆ ಹಾಕಿಕೊಂಡೆ.
ಯಾರಾದರೂ ಕೇಳಿದ್ದರೆ, ಕಡತದ ಅಡಕ ಅನ್ನುತ್ತಿದ್ದೆ.

ರಾತ್ರಿ ಕೂತು ಟೈಪು ಮಾಡಿದೆ.
ವಿಷಯ ಏಳು, ಇತರೆ: ಸ್ಥಳೀಯರ ಅಹವಾಲು ಆಲಿಸಲಾಯಿತು.
ಐದು ಜಿಲ್ಲೆಗಳ ಜಂಟಿ ಸಮಿತಿ ರಚಿಸಲು ತೀರ್ಮಾನಿಸಲಾಯಿತು.
ವಂದನಾರ್ಪಣೆಯೊಂದಿಗೆ.

ಬೆಳಗ್ಗೆ ಆರೂವರೆಗೆ ಕಸದ ಆಟೋ, ಅದೇ ಹಾಡು.
ಹಸಿರು ಬಕೆಟ್ಟು ಕೊಟ್ಟೆ.
ನೀಲಿಯದನ್ನು ತಡೆದು ಹಿಡಿದೆ.
"ಬೇಗ ಅಕ್ಕಾ" ಅಂದ ಹುಡುಗ.
ಗೇಟಿನ ಕಂಬಕ್ಕೆ ಕವರನ್ನು ಒತ್ತಿ ಹಿಡಿದು
ಹಿಂಬದಿಯಲ್ಲಿ ಬರೆದೆ, ಬಾಲ್‌ಪೆನ್ನು, ದಪ್ಪ ಅಕ್ಷರ,
ನೆನೆದರೂ ಅಳಿಯದ ಹಾಗೆ:

ಇಲ್ಲಮ್ಮ, ಹುಷಾರಾಗಲಿಲ್ಲ. ಕಾರ್ತಿಕದಲ್ಲಿ ಹೋದರು.
ನೋವಿರಲಿಲ್ಲ.
ನೀವು ಕೇಳಿದಿರಿ.

ಒಣ ಕಾಗದ. ನೀಲಿ ಬಕೆಟ್ಟು. ಎಲ್ಲಕ್ಕಿಂತ ಮೇಲೆ ಇಟ್ಟೆ.